ತಪ್ಪಿಸಿಕೊಂಡ ನಾಲ್ಕು

ಉತ್ತರಪತ್ರಿಕೆ ಕೈಗೆ ಬಂದ ಕೂಡಲೇ ರೋಕ್ಸಾನ್ ಹ್ರೈಕೋಳ ಕಿವಿ ಕಾದವು. ಕೊನೆಯ ಲೆಕ್ಕದ ಮೇಲೆ ಕೆಂಪು ಗೀಟು. ಆ ಒಂದು ಅಂಕದಿಂದಲೇ ವಿನಿಪೆಗ್‌ನ ಗಣಿತ ಸ್ಪರ್ಧೆಗೆ ಉಳಿದಿದ್ದ ಒಂದೇ ಜಾಗ ಪಕ್ಕದ ಡ್ಯಾರಿಲ್ ಪಾಲಾಗಿತ್ತು.

ಲೆಕ್ಕವೇನು ಬ್ರಹ್ಮವಿದ್ಯೆಯಲ್ಲ. (5x + 3)/(x + 2) ರಲ್ಲಿ (2x − 4)/(x + 2) ಕಳೆಯಬೇಕು. ಛೇದ ಎರಡಕ್ಕೂ ಒಂದೇ; ಅಂಶದಿಂದ ಅಂಶ ಕಳೆದರಾಯಿತು. ಅವಳಿಗೆ ಅಂಶದಲ್ಲಿ 3x + 7 ಬಂದಿತ್ತು. ಪೆಲ್ಟಿಯೆ ಮೇಷ್ಟ್ರು ಹಲಗೆಯ ಮೇಲೆ ಬರೆದದ್ದು 3x − 1. ಡ್ಯಾರಿಲನದ್ದೂ ಅದೇ.

ಸಾಲಾಗಿ ಬಂದ ರಾಕ್ಷಸರಲ್ಲಿ ಮುಂದಿನವನ ತಲೆ ಹಾರಿಸಿ ಹಿಂದಿನವನಿಗೆ ದಾರಿ ಬಿಟ್ಟ ರಾಜಕುಮಾರನಂತೆ ಆ ಉತ್ತರ ಹಲಗೆಯ ಮೇಲೆ ಮೆರೆಯುತ್ತಿತ್ತು.

"ಸರ್, ನಂದೇ ಸರಿ."

"ಕೂತ್ಕೋಮ್ಮ. ಆಯ್ಕೆ ಪಟ್ಟಿ ಬಾಗಿಲಿಗೆ ಅಂಟಿಸಿ ಆಯ್ತು."

"ಸೋತೋರು ಹಿಂಗೇ ಕಣೇ ರೋಕ್ಸಿ, ನೆಲ ಡೊಂಕು ಅಂತಾರೆ," ಎಂದ ಡ್ಯಾರಿಲ್, ಸೂರ್ಯಕಾಂತಿ ಬೀಜ ಅಗಿಯುತ್ತ.

ರೋಕ್ಸಾನ್ ಸೀದಾ ಹಲಗೆಗೆ ನಡೆದಳು.

"ಇಡೀ ಅಂಶ ಕಳೀಬೇಕು ತಾನೆ ಸರ್? ನೀವು ಆವರಣ ಹಾಕ್ದೆ 2x ಒಂದನ್ನೇ ಕಳ್ದಿದೀರಿ. ಅದರ ಹಿಂದಿದ್ದ ನಾಲ್ಕರ ಚಿಹ್ನೆ ಬದಲಾಗ್ಲೇ ಇಲ್ಲ, ತಪ್ಪಿಸ್ಕೊಂಡ್ಬಿಡ್ತು. ಇವನೊಬ್ಬ ಬೀಜದ ಸಿಪ್ಪೆ ಉಗುಳಿದ್ರೆ ಇಡೀ ಸಾಲೇ ಗುಡಿಸ್ಬೇಕು ಅಂತೀರಿ. ಇಲ್ಲಿ ಮಾತ್ರ ಮುಂದೆ ನಿಂತೋನಿಗಷ್ಟೇ ಶಿಕ್ಷೆನಾ?"

ತರಗತಿ ಕಿಸಕ್ಕೆಂದಿತು.

"ಬಾಯಿ ಜಾಸ್ತಿ ಆಯ್ತು ನಿಂಗೆ."

"ಬಾಯಿ ಬಿಡಿ ಸರ್, x ಜಾಗಕ್ಕೆ ಒಂದು ಹಾಕಿ ನೋಡಿ. ಲೇ ಡ್ಯಾರಿಲ್, ನೀನೇ ಬಾ."

ಡ್ಯಾರಿಲ್ ಮೈಮುರಿಯುತ್ತ ಬಂದು ಚಾಕ್ ಹಿಡಿದ. ಮೊದಲನೆಯದು 8/3. ಎರಡನೆಯದು −2/3. ಕಳೆದರೆ 10/3. ರೋಕ್ಸಾನಳ ಉತ್ತರದಲ್ಲಿ ಒಂದು ಹಾಕಿದರೂ 10/3. ಮೇಷ್ಟ್ರದ್ದರಲ್ಲಿ 2/3. ಅವನ ದವಡೆ ನಿಂತುಹೋಯಿತು.

ಮೇಷ್ಟ್ರು ಕನ್ನಡಕ ಒರೆಸಿಕೊಂಡು, ದನಿ ತಗ್ಗಿಸಿದರು. "ಸರಿ, ನಿನ್ನ ಅಂಕ ನಿಂಗೆ ಕೊಡ್ತೀನಿ. ಪಟ್ಟಿ ಮಾತ್ರ ಹಾಗೇ ಇರ್ಲಿ."

ರೋಕ್ಸಾನ್ ಬಾಗಿಲ ಕಡೆ ಕೈ ತೋರಿಸಿದಳು.

"ಮತ್ತೆ ಅದೇ ಮಾಡ್ತಿದೀರಿ ಸರ್. ಮುಂದಿನದನ್ನಷ್ಟೇ ತಿದ್ದಿ, ಹಿಂದಿನದನ್ನ ಹಾಗೇ ಬಿಡ್ತಿದೀರಿ."

ಪೆಲ್ಟಿಯೆ ಮೇಷ್ಟ್ರು ಹಲಗೆಯ ಮೇಲಿನ 3x − 1 ಒರೆಸಿದರು. ಆಮೇಲೆ ಯಾರ ಮುಖವನ್ನೂ ನೋಡದೆ, "ಎಲ್ರೂ ಹಾಳೆ ವಾಪಸ್ ಕೊಡಿ, ಮತ್ತೆ ತಿದ್ತೀನಿ," ಎಂದು ಬಾಗಿಲ ಕಡೆ ಹೊರಟರು.

ಪಟ್ಟಿ ಹರಿದ ಸದ್ದು ಕೇಳಿದ ಮೇಲೆಯೇ ರೋಕ್ಸಾನ್ ಹೋಗಿ ಕೂತದ್ದು.