ನೆಲ ಮುಟ್ಟದ ಹಿಮ್ಮಡಿ

ಹೂರಣ ತಳ ಹಿಡಿಯುತ್ತಿದೆ, ಯಾಲಕ್ಕಿಯ ಜೊತೆಗೇ ಸೀದ ಬೆಲ್ಲದ ವಾಸನೆ, ಅತ್ತೆ ಸುಭದ್ರಮ್ಮನ ಮೂಗಿಗೆ ಅದು ಬಡಿಯುತ್ತಿಲ್ಲವೇ, ಬಡಿದರೂ ಇವತ್ತು ಅವರಿಗೆ ಎಲ್ಲವೂ ಸಿಹಿಯೇ, ಮೊಮ್ಮಗಳು ಹೊಸ್ತಿಲು ದಾಟುವ ದಿನ — ನಕ್ಕರೆ ಉಂಡೆ, ಬೋರಲು ಬಿದ್ದರೆ ಕಡುಬು, ಹೊಸ್ತಿಲು ದಾಟಿದರೆ ಹೋಳಿಗೆ, ಒಂದೂ ತಪ್ಪಬಾರದು, ಹನ್ನೊಂದು ತಿಂಗಳು ತುಂಬೇತಿ ಕೂಸಿಗೆ, ಇನ್ನೂ ದಾಟಿಲ್ಲಂದ್ರ ಮಂದಿ ಏನಂದಾರು, ಎನ್ನುತ್ತಾ ಸ್ಟವ್ವಿನ ಮುಂದೆ ಕೂತಿದ್ದಾರೆ, ಹನ್ನೊಂದಲ್ಲ ಅತ್ತಿ, ಎರಡು ತಿಂಗಳು ಮೊದಲ ಹುಟ್ಟೇತಿ, ಒಂಬತ್ತು ಅನ್ನಬೇಕು ಎಂದು ಗಂಗಾಳ ನಾಲಿಗೆ ತುದಿಗೆ ಬರುತ್ತದೆ, ಬಂದದ್ದು ಅಲ್ಲೇ ನಿಲ್ಲುತ್ತದೆ, ಮೂರು ವಾರದಿಂದ ಅಲ್ಲೇ ನಿಂತಿದೆ. ಅವಳು ತೊಡೆಯ ಮೇಲಿನ ಮಗಳು ಉಮಾಶ್ರೀಯ ಕಾಲುಚೀಲ ಬಿಚ್ಚುತ್ತಾಳೆ, ಮೆಲ್ಲಗೆ, ಅಯ್ಯೋ ಮೆಲ್ಲಗಲ್ಲ, ಗಟ್ಟಿಯಾಗಿ, ಆಸ್ಪತ್ರೆಯಲ್ಲಿ ಕಾಲಿನ ವ್ಯಾಯಾಮ ಮಾಡಿಸುವ ರಶ್ಮಿ ಮೇಡಂ ಹೇಳಿದ್ದು ಹಾಗೆ, ಮೆಲ್ಲಗೆ ಸವರಿದ್ರೆ ಇವಳಿಗೆ ಇರುವೆ ಹರಿದಂಗಾಗುತ್ತೆ ಗಂಗಾ, ಅಂಗೈ ಪೂರ್ತಿ ಇಟ್ಟು ಒತ್ತಿ ಹಿಡೀರಿ, ತನ್ನ ಕಾಲು ಎಲ್ಲಿದೆ ಅಂತ ಅವಳಿಗೇ ಗೊತ್ತಾಗ್ಬೇಕು. ತನ್ನ ಕಾಲು ಎಲ್ಲಿದೆ ಎಂದು ಗೊತ್ತಿಲ್ಲದವರೂ ಇರುತ್ತಾರೆಯೇ ಎಂದು ಅವತ್ತು ನಗು ಬಂದಿತ್ತು, ಆಮೇಲೆ ನಗು ಬರಲಿಲ್ಲ. ಏಳನೇ ತಿಂಗಳಿಗೇ ಹೊರಬಿದ್ದ ಕೂಸು, ಒಂದು ಕೆಜಿ ಇನ್ನೂರು ಗ್ರಾಂ, ಅಂಗಡಿಯ ಸಕ್ಕರೆ ಪೊಟ್ಟಣದಷ್ಟೇ ಭಾರ, ಹೊಟ್ಟೆಯೊಳಗೆ ಮುದುರಿ ಗೋಡೆಗೆ ಒದೆಯಬೇಕಾದ ಎರಡು ತಿಂಗಳು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಅಂಗಾತ ಮಲಗಿತ್ತು, ಒದ್ದರೆ ಬರೀ ಗಾಳಿ, ಮುಟ್ಟಿದರೆ ಸೂಜಿ, ದಿನಾ ಹಿಮ್ಮಡಿಗೆ ಚುಚ್ಚಿ ರಕ್ತ ತೆಗೆಯುತ್ತಿದ್ದರು, ಅವಳು ಗಾಜಿನಾಚೆ ನಿಂತು ನೋಡುತ್ತಿದ್ದಳು, ಬಾಯಿ ತೆರೆದ ಕೂಸಿನ ಅಳು ಹೊರಗೆ ಕೇಳುತ್ತಿರಲಿಲ್ಲ, ಚುಕ್ಕೆಗಳು ಇನ್ನೂ ಇವೆ, ಇಗೋ, ಬಲಗಾಲಿನ ಹಿಮ್ಮಡಿಯಲ್ಲಿ ಮೂರು, ರಾಗಿ ಕಾಳಿನಷ್ಟು ಕುಳಿಗಳು, ಬೆರಳು ತಾಗಿತೋ ಇಲ್ಲವೋ ಕಾಲು ಚಕ್ಕನೆ ಒಳಗೆ.

ಬಾಗಿಲಲ್ಲಿ ಗಂಡ ಬಸು, ಗೆಳೆಯನಿಂದ ಎರವಲು ತಂದ ಕ್ಯಾಮೆರಾ ಕಣ್ಣಿಗೆ ಹಿಡಿದು, ರೀಲಿನಾಗ ನಾಕೇ ಉಳದಾವು, ಲಗೂ ನಿಲ್ಲಸ್ರಿ ಎನ್ನುತ್ತಾನೆ, ಅವನ ಹಿಂದೆ ಮೂಲೆಯಲ್ಲಿ ಅದು, ಚಕ್ರದ ವಾಕರ್, ಹಳದಿ ಬಾತುಕೋಳಿಯ ಮುಖದ್ದು, ತಿಪ್ಪಸಂದ್ರದ ಮಾರ್ಕೆಟ್ ರೋಡಿನಿಂದ ರಾಮಮೂರ್ತಿ ನಗರದವರೆಗೆ ಬಸ್ಸಿನಲ್ಲಿ ತಲೆಯ ಮೇಲೆ ಹೊತ್ತು ತಂದಿದ್ದ, ಕಂಡಕ್ಟರು ಬೈದದ್ದನ್ನೂ ನಕ್ಕೊಂಡೇ ಹೇಳಿದ್ದ, ಅಂಥ ನಗುವಿಗೆ ಹೇಗೆ ಹೇಳುವುದು, ವಾಕರ್ ಮೊದಲು ಬಿಡಿಸಿ ಅಂದಿದ್ದರು ಮೇಡಂ, ಅದರಲ್ಲಿ ನೇತಾಡ್ತಾ ಬೆರಳ ತುದೀಲೇ ನೆಲ ಒದೀತಾಳೆ, ಹಿಮ್ಮಡಿ ಊರೋದನ್ನ ಕಲಿಯೋದೇ ಇಲ್ಲ, ಈಗ್ಲೇ ಅಭ್ಯಾಸ ಮಾಡಿಸಿದ್ರೆ ಸಡಿಲ ಆಗ್ಬೋದು, ಹೀಗೇ ಬಿಟ್ರೆ ಕಾಲು ಬಿಗಿದುಬಿಡುತ್ತೆ, ಮನೇಲಿ ಹೇಳಿ. ಹೇಳಲಿಲ್ಲ. ಹೇಡಿ ನಾನು. ಮನೆ ಓನರ್ ಮುನಿಗಂಗಮ್ಮ ಬಂದರು, ಜೊತೆಗೆ ವಠಾರದ ನಾಲ್ಕು ಹೆಂಗಸರು, ನಮ್ ಮೊಮ್ಮಗ ಹತ್ತು ತಿಂಗ್ಳಿಗೇ ಓಡಾಡ್ಬುಟ್ಟ ಕಣಮ್ಮ, ಪರ್ವಾಗಿಲ್ಲ ಬಿಡು, ನಿನ್ ಮಗ್ಳು ತುದಿಬೆರಳ ಮ್ಯಾಲೇ ನಿಂತ್ಕತಾಳೆ, ಡ್ಯಾನ್ಸಿಗೆ ಹಾಕು, ಎಲ್ಲರೂ ನಕ್ಕರು, ಅತ್ತೆಯೂ ನಕ್ಕರು, ಹೆಮ್ಮೆಯಿಂದ, ಪಾಪ, ಗಾಜಿನ ಪೆಟ್ಟಿಗೆಯ ಮುಂದೆ ಹರಕೆ ಹೊತ್ತು ಉಪವಾಸ ಕೂತವರೂ ಅವರೇ. ತಟ್ಟೆಯಲ್ಲಿ ಕುಂಕುಮದ ನೀರು, ಲಕ್ಷ್ಮೀ ಹೆಜ್ಜಿ ಮೂಡಲಿ, ನಿಲ್ಲಸವ್ವ ಎಂದರು ಎದ್ದುಬಂದ ಅತ್ತೆ, ಗಂಗಾಳ ಕೈ ತಾನಾಗಿ ಕೂಸಿನ ಕಂಕುಳಿಗೆ ಹೋಯಿತು, ತಟ್ಟೆಯಲ್ಲಿ ಬೆರಳು ಅದ್ದಿಸಿ ನಿಲ್ಲಿಸಿದಳು, ಎರಡು ಕಾಲೂ ಕತ್ತರಿಯಂತೆ ಅಡ್ಡಡ್ಡ, ಬೆರಳುಗಳು ಮಡಚಿಕೊಂಡು ನೆಲ ಕಚ್ಚಿದವು, ಹಿಮ್ಮಡಿ ಮೇಲೆ, ಗಾಳಿಯಲ್ಲಿ, ಹೊಸ್ತಿಲಿನ ಈಚೆ ಒಂದು ಗುರುತು ಬಿತ್ತು, ಐದು ಚುಕ್ಕೆ, ಒಂದು ಕೆಂಪು ಗೆರೆ, ಅಷ್ಟೇ, ಅಷ್ಟೇ ಪಾದ, ಲಕ್ಷ್ಮಿ ಬಂದ್ಲು ನೋಡ್ರಿ ಎಂದು ಅತ್ತೆ ಸೆರಗಿನಲ್ಲಿ ಕಣ್ಣೊರೆಸಿದರು, ಯಾರಿಗೂ ಕಾಣುತ್ತಿಲ್ಲ, ಅರ್ಧ ಪಾದದ ಲಕ್ಷ್ಮಿ ಯಾರ ಮನೆಗೆ ಬರುತ್ತಾಳೆ, ಇನ್ನೊಂದು ಹೆಜ್ಜೆಗೆ ಹೋಳಿಗೆ, ಫೋಟೋ, ನಾಳೆ ಮತ್ತೆ ವಾಕರ್, ಬಿಗಿದ ಕಾಲು, ಜೀವಮಾನವಿಡೀ —

ದಾಟಸೋದು ಬ್ಯಾಡ, ಅತ್ತಿ. ಯಾರ ದನಿ ಇದು, ತನ್ನದೇ. ಯಾಕ ಬೇ, ಹುಚ್ಚು ಹಿಡದೈತೇನು, ಮಂದಿ ನಿಂತಾರ. ನಿಂತ್ರ ನಿಲ್ಲಲಿ, ಕೂಸು ನಿಂತಿಲ್ಲ, ಹಿಮ್ಮಡ ನೋಡ್ರಿ, ನೆಲಾ ಮುಟ್ಟಿಲ್ಲ, ಆಸ್ಪತ್ರಿ ಮೇಡಂ ವಾಕರ್ ಬ್ಯಾಡ ಅಂದಾರ, ಮೂರು ವಾರ ಆತು, ನಾನss ಹೇಳಲಿಲ್ಲ, ತಪ್ಪು ನಂದು. ಬಸು ಕ್ಯಾಮೆರಾ ಕೆಳಗಿಳಿಸಿದ. ಅವನ ಮುಖ ನೋಡಲಾರಳು, ನೋಡುವುದಿಲ್ಲ, ಹೊಸ್ತಿಲ ಈಚೆಗೇ ನೆಲದ ಮೇಲೆ ಕೂತು ಮಗಳನ್ನು ತೊಡೆಗೆಳೆದುಕೊಂಡಳು, ಬಲಗಾಲಿನ ಬೆರಳಿನಿಂದ ಕುಂಕುಮದ ನೀರು ಹಿಮ್ಮಡಿಗಿಳಿಯುತ್ತಿತ್ತು, ಆ ಹಿಮ್ಮಡಿಯನ್ನು ಅಂಗೈಯಲ್ಲಿಟ್ಟು ಒತ್ತಿದಳು, ಕಾಲು ಒಳಗೆ ಜಗ್ಗಿತು, ಬಿಡಲಿಲ್ಲ, ಮೆಲ್ಲಗಲ್ಲ, ಗಟ್ಟಿಯಾಗಿ, ಇಲ್ಲೈತಿ ನಿನ್ ಕಾಲು, ಇಲ್ಲೈತಿ ನನ್ನವ್ವ, ಹೂರಣ ಹೊತ್ತಿ ಹೊಗೆ ಬಂದರೂ ಅತ್ತೆ ಸ್ಟವ್ವಿನತ್ತ ಹೋಗಲಿಲ್ಲ, ಕಾಲು ಮತ್ತೊಮ್ಮೆ ಜಗ್ಗಿತು, ಆಮೇಲೆ, ಒಂದು ಉಸಿರಿನಷ್ಟು ಹೊತ್ತು, ಆ ಕಾಲು ತಾನೇ ಅವಳ ಅಂಗೈಯನ್ನು ಒತ್ತಿತು. ಬಿಡಿಸಿ ನೋಡಿದಳು, ಅಂಗೈ ನಡುವೆ ದುಂಡಗೆ, ಕೆಂಪಗೆ ಒಂದು ಹಿಮ್ಮಡಿ, ಅದರೊಳಗೆ ಕುಂಕುಮ ಹತ್ತದೆ ಉಳಿದ ಬಿಳಿ ಚುಕ್ಕೆ, ಒಂದು, ಎರಡು, ಮೂರು —