ಮೌಸ್ ಮುಟ್ಟದ ಮೇಷ್ಟ್ರು

ಕೀಬೋರ್ಡಿನ ಎಫ್ ಕೀಲಿಯ ಮೇಲಿನ ಆ ಸಣ್ಣ ಉಬ್ಬುಗೀರು ತೋರುಬೆರಳಿಗೆ ಸಿಕ್ಕಿತು, ಅಬ್ಬ, ಇದೆ, ಇನ್ನೊಂದು ಜೆ ಮೇಲೆ, ಈ ಎರಡು ಗೀರು ಸಿಕ್ಕಿದರೆ ಸಾಕು ಉಳಿದದ್ದೆಲ್ಲ ತಾನಾಗಿ ಬರುತ್ತದೆ ಎಂದುಕೊಂಡು ಅವನು ಗಂಟಲು ಸರಿಮಾಡಿಕೊಂಡ, ಮೀಟಿಂಗ್ ರೂಮಿನ ಎಸಿ ಗುಂಯ್ ಎನ್ನುತ್ತಿತ್ತು, ಪ್ರೊಜೆಕ್ಟರ್ ಅವನ ಪರದೆಯನ್ನು ಗೋಡೆ ತುಂಬ ಹರಡಿತ್ತು, ಯಾರೋ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರು, ಎದುರಿಗೆ ಸಾಲು ಕುರ್ಚಿ, ಸಾಲು ಅಂಗಿ, ಅಂಗಿಗಳ ಮೇಲೆ — ಬೇಡ, ಅಲ್ಲಿ ನೇರ ನೋಡಬಾರದು, ನೇರ ನೋಡಿದರೆ ಮುಖವಿರುವ ಜಾಗಕ್ಕೆ ಬೂದು ಬಣ್ಣ ಮೆತ್ತಿಕೊಳ್ಳುತ್ತದೆ, ಕಿವಿಯ ಕಡೆ ನೋಡಬೇಕು, ಆಗ ಮೂಗೋ ಗಲ್ಲವೋ ಅರೆಬರೆ ಸಿಗುತ್ತದೆ, ಇವನಿಗೇನು ಸೊಕ್ಕೋ, ಮುಖ ಕೊಟ್ಟು ಮಾತಾಡಲ್ಲ ಅನ್ನುತ್ತಾರೆ, ಅನ್ನಲಿ, ಸೊಕ್ಕಿಗೆ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಕಣ್ಣಿನ ಡಾಕ್ಟರು ಹೇಳಿದ್ದರು, ನಡುವಿನ ದೃಷ್ಟಿ ಹೋಗ್ತಾ ಇದೆ, ಅಂಚು ಉಳಿಯುತ್ತೆ, ಆಫೀಸಲ್ಲಿ ಹೇಳ್ಬಿಡಿ, ಓದಿ ಹೇಳೋ ಸಾಫ್ಟ್‌ವೇರ್ ಎಲ್ಲ ಇದೆ ಈಗ — ಹೇಳ್ಬಿಡಿಯಂತೆ, ಎಷ್ಟು ಸಲೀಸು, ಪಕ್ಕದ ಸೀಟಿನವನಿಗೆ ಬೆನ್ನುನೋವು ಅಂತ ಗೊತ್ತಾದ ಮೇಲೆ ಅವನ ಸೀಟಿನಲ್ಲಿ ಈಗ ಕುಂಡವೊಂದಿದೆ, ಅದರಲ್ಲಿ ಪ್ಲಾಸ್ಟಿಕ್ ಗಿಡ. ಹೆಂಡತಿಗೇ ಹೇಳಿಲ್ಲ, ಇವರಿಗೆ ಹೇಳುತ್ತಾನೆಯೇ?

ನೋಡಿ ಕಲೀರಿ, ಎಂದು ಹೊಸಬರಿಗೆ ಹೇಳಿತು ಮ್ಯಾನೇಜರಿನ ದನಿ, ಇವರು ಮೌಸ್ ಮುಟ್ಟೋದೇ ಇಲ್ಲ, ನೀವು ಅರ್ಧ ದಿನ ಒದ್ದಾಡೋದನ್ನ ಟೀ ಆರೋದ್ರೊಳಗೆ ಮುಗಿಸ್ತಾರೆ, ಸುಮ್ನೆ ಪಿಯಾನೋ ಮೇಷ್ಟ್ರು ಅಂತಾರಾ ಇವರಿಗೆ, ಎಲ್ಲರೂ ನಕ್ಕರು, ಅವನೂ ನಕ್ಕ, ಮೌಸ್ ಮುಟ್ಟುವುದಿಲ್ಲವಂತೆ, ಅಯ್ಯೋ ಪುಣ್ಯಾತ್ಮ, ಮೊದಲು ಮಾಯವಾದದ್ದೇ ಮೌಸಿನ ಆ ಬಾಣ, ಸೊಳ್ಳೆಯಂತೆ ಪರದೆಯಲ್ಲಿ ಎಲ್ಲೋ ಇರುತ್ತದೆ, ನೋಡಹೋದರೆ ಇಲ್ಲ, ಅದಕ್ಕೇ ಅಲ್ಲವೇ ಒಂದೊಂದು ಕೀಲಿಯನ್ನೂ ಮಗ್ಗಿಯಂತೆ ಬಾಯಿಪಾಠ ಮಾಡಿದ್ದು, ಮಲಗಿದಲ್ಲೇ ಹೊದಿಕೆಯ ಮೇಲೆ ಬೆರಳಾಡಿಸಿ ಕಲಿತದ್ದು, ಏನ್ರೀ ಅದು ಕೈ ನಡುಕ ಎಂದು ಹೆಂಡತಿ ಕೇಳಿದಾಗ ಏನಿಲ್ಲ, ಲೆಕ್ಕ ಎಂದದ್ದು. ಮೊದಲ್ನೇದು, ಎಂದ ಅವನು ಗಟ್ಟಿಯಾಗಿ, ಫೈಲನ್ನ ಪಟ್ಟಿಯಲ್ಲಿ ಹುಡುಕ್ಬೇಡಿ, ಹೆಸರಿನ ಮೊದಲ ಅಕ್ಷರ ಹೊಡೀರಿ, ಅದೇ ಬರುತ್ತೆ — ಬಂತು, ಹೊಸಬರು ಹೋ ಎಂದರು — ಎರಡ್ನೇದು, ಕೋಡಿನಲ್ಲಿ ಒಂದು ಕಡೆ ಹೆಸರು ಬದಲಾಯಿಸಿದ್ರೆ ಎಲ್ಲ ಕಡೆ ಬದಲಾಗುತ್ತೆ, ತಪ್ಪು ಎಲ್ಲಿದೆ ಅಂತ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂರಬೇಡಿ, ಈ ಕೀಲಿ ಒತ್ತಿ, ಅದೇ ನಿಮ್ಮನ್ನ ತಪ್ಪಿನ ಹತ್ರ ಕರ್ಕೊಂಡು ಹೋಗುತ್ತೆ, ಹಾಗೊಂದು ಕೀಲಿ ಮನೆಯಲ್ಲೂ ಇದ್ದಿದ್ದರೆ, ಬೆಳಿಗ್ಗೆ ಏನೋ ತಪ್ಪಾಯಿತು, ಏನೆಂದು ತಿಳಿಯುತ್ತಿಲ್ಲ, ಮಗಳು ಬಾಗಿಲಲ್ಲಿ ನಿಂತಿದ್ದಳು, ಎರಡು ಜಡೆ, ಎರಡು ಕೆಂಪು ರಿಬ್ಬನ್, ಈಚೆಗೊಂದು ಆಚೆಗೊಂದು, ನಡುವೆ ಅವಳು ಇರಬೇಕಾದ ಕಡೆ ಬೂದು, ಅಪ್ಪಾ, ನನ್ನ ಹಲ್ಲು ಬಿತ್ತು ನೋಡು, ಓಹೋ ಎಂದನಲ್ಲವೇ ಅವನು, ಅಬ್ಬಬ್ಬ, ದೊಡ್ಡ ಕಿಟಕಿನೇ ಆಗಿದೆಯಲ್ಲೇ, ಗಾಳಿ ಬರುತ್ತಾ — ಕಿಲಕಿಲ ಅನ್ನಬೇಕಿತ್ತು ಹುಡುಗಿ, ಅನ್ನಲಿಲ್ಲ, ರಿಬ್ಬನ್‌ಗಳು ಅಲ್ಲಾಡಲಿಲ್ಲ, ಸ್ಕೂಲಿಗೆ ಹೊತ್ತಾಗಿರಬೇಕು, ಅಷ್ಟೇ.

ಮೂರ್ನೇದು, ಎಂದು ಕಿರುಬೆರಳಿಂದ ಎಂಟರ್ ಹೊಡೆದ, ಯಾಕೋ ಕುರ್ಚಿಯೊಂದು ಕಿರ್ರೆಂದಿತು, ಈಗ ಬೇರೆ ಫೈಲಿಗೆ ಹೋಗೋಣ, ಅಕ್ಷರ ಹೊಡೆದ, ನೋಡಿ, ಬಂತಲ್ಲ, ಇದರಲ್ಲಿ ಮೇಲಿಂದ ಕೆಳಗೆ ಬನ್ನಿ, ಇಲ್ಲಿ ಹೆಸರು ಹೀಗೆ ಬದಲಾಯಿಸಿದೆ, ನೋಡಿದ್ರಾ ಎಷ್ಟು ಸುಲಭ, ಯಾರೂ ಹೋ ಅನ್ನಲಿಲ್ಲ, ಬಿಸ್ಕತ್ತು ಕಡಿಯುವ ಸದ್ದೂ ನಿಂತಿತು, ಮತ್ತೊಂದು ಕೀಲಿ, ಅಂಚಿನಲ್ಲಿ ಏನೋ ಬೆಳಕು ಸರಿಯಿತು, ಅದು ಸರಿಯಬಾರದಿತ್ತು, ಆದರೂ ಬಾಯಿ ನಿಲ್ಲಲಿಲ್ಲ ದರಿದ್ರದ್ದು, ಬಂತು ನೋಡಿ ಎಂದಿತು. ಸರ್, ಎಂದಳು ಹೊಸದಾಗಿ ಸೇರಿದ ಹುಡುಗಿ, ಮೆಲ್ಲಗೆ, ಏನೂ ಬಂದಿಲ್ಲ ಸರ್. ಆಗ್ಲೇ ಒಂದು ಪ್ರಶ್ನೆ ಬಂತಲ್ಲ, ಹೊಸ ವರ್ಷನ್ ಬಂದಿದೆ, ಹಳೇ ಶಾರ್ಟ್‌ಕಟ್ ಎಲ್ಲ ತೆಗೆದು ಹೊಸದು ಹಾಕ್ಲಾ ಅಂತ. ನೀವು ಎಂಟರ್ ಹೊಡೆದು ಹೂಂ ಅಂದ್ರಲ್ಲ. ಎಲ್ಲಿ, ಎಂದ ಅವನು, ಎಲ್ಲಿ ಬಂತು, ಕೇಳಬಾರದಿತ್ತು, ಕೇಳಿಬಿಟ್ಟ. ಮಧ್ಯದಲ್ಲೇ ಸರ್. ಏನ್ರೀ ಅದು, ಎಂದಿತು ಮ್ಯಾನೇಜರಿನ ದನಿ, ಗೋಡೆ ತುಂಬ ಇತ್ತಲ್ಲ, ಕಾಣ್ಲಿಲ್ವಾ ನಿಮಗೆ?

ಕಾಣಲಿಲ್ಲ, ಇಷ್ಟು ದಿನ ಕಲಿತ ಕೀಲಿಗಳನ್ನೆಲ್ಲ ಒಂದು ಕಿರುಬೆರಳಿನಿಂದ ಅಳಿಸಿಹಾಕಿ, ಬರದೇ ಇದ್ದದ್ದನ್ನು ಬಂತು ಬಂತು ಎಂದು ಬೊಗಳಿದ್ದಾನೆ, ಈಗ ಯಾವ ಕೀಲಿ ಒತ್ತಿದರೂ ಯಾವುದೋ ಬಾಗಿಲು ತೆರೆಯುತ್ತದೆ, ಹಳೆಯದಕ್ಕೆ ಮರಳುವ ದಾರಿ ಇರುತ್ತದೆ, ಎಲ್ಲೋ ಒಂದು ಮೂಲೆಯಲ್ಲಿ, ಆದರೆ ಅದಕ್ಕೆ ಮೌಸ್ ಬೇಕು, ಬಾಣ ಕಾಣಬೇಕು, ಎಲ್ಲರೂ ಸುಮ್ಮನಿದ್ದಾರೆ, ಈ ಮೌನ ಗೊತ್ತು ತನಗೆ, ಬೆಳಿಗ್ಗೆ ಬಾಗಿಲಲ್ಲಿ ಇದೇ ಮೌನವಿತ್ತು, ಏನೂ ಬಂದಿಲ್ಲ ಸರ್ — ಶೂ ಹಾಕಿಕೊಳ್ಳುವಾಗ ಒಳಗಿನಿಂದ ಹೆಂಡತಿ ಮಗಳನ್ನು ಗದರುತ್ತಿದ್ದಳಲ್ಲ, ಕೈ ತೆಗಿಯೇ, ಎಷ್ಟು ಸಲ ಹೇಳ್ಬೇಕು, ಅದಿನ್ನೂ ಅಲ್ಲಾಡ್ತಾ ಇದೆ ಅಷ್ಟೇ, ತಾನಾಗೇ ಬೀಳುತ್ತೆ ಎಂದು, ಬೇರೆ ಹಲ್ಲಿರಬೇಕು ಎಂದುಕೊಂಡು ಲೇಸು ಬಿಗಿದು ಬಂದಿದ್ದ, ಬೇರೆ ಹಲ್ಲಲ್ಲ, ಬಿದ್ದೇ ಇಲ್ಲ ಹಲ್ಲು, ತಮಾಷೆಗೆ ಅಂದಿದ್ದಾಳೆ ಕೂಸು, ಅಥವಾ ತಮಾಷೆಗಲ್ಲ, ನೋಡೋಣ ಅಪ್ಪನಿಗೆ ಕಾಣುತ್ತಾ ಅಂತ, ಬಾಯಿ ಅಗಲಿಸಿ, ಎಲ್ಲ ಹಲ್ಲೂ ತೋರಿಸಿಕೊಂಡು ನಿಂತಿದ್ದಾಳೆ, ಅವನು ಕಿಟಕಿ ಎಂದಿದ್ದಾನೆ, ಗಾಳಿ ಬರುತ್ತಾ ಎಂದಿದ್ದಾನೆ, ಆಮೇಲೆ ಅವಳ ಮುಖ ಹೇಗಾಯಿತು, ಅತ್ತಳೇ, ಹೆದರಿದಳೇ, ಸಂಜೆ ಮನೆಗೆ ಹೋದರೂ ತಿಳಿಯುವುದಿಲ್ಲ, ಇನ್ನೆಂದೂ ತಿಳಿಯುವುದಿಲ್ಲ, ಈಚೆಗೊಂದು ಆಚೆಗೊಂದು ಕೆಂಪು ರಿಬ್ಬನ್, ಸರ್, ಹುಷಾರಿದ್ದೀರಾ ಸರ್, ಅಲ್ಲಾಡದೆ ನಿಂತ ಎರಡು ಕೆಂಪು ರಿಬ್ಬನ್, ನಡುವೆ