ಮಂಚದ ಕೆಳಗಿನ ಹಸಿ

ಬಾಗಲಕೋಟೆಯಿಂದ ಇಳಕಲ್ಲಿಗೆ ಮೂವತ್ತೆರಡು ವರ್ಷ ಬಸ್ಸು ಓಡಿಸಿದ ನೀಲಪ್ಪ, ತನ್ನ ಮೂತ್ರಕ್ಕೆಂದು ನಡುದಾರಿಯಲ್ಲಿ ಒಮ್ಮೆಯೂ ಬಸ್ಸು ನಿಲ್ಲಿಸಿದವನಲ್ಲ. ಈಗ ಎಪ್ಪತ್ಮೂರರ ವಯಸ್ಸಿನಲ್ಲಿ, ನವನಗರದ ಮಗನ ಮನೆಯಲ್ಲಿ, ಒಂದು ನಾಯಿಮರಿಗೆ ಶಿಸ್ತು ಕಲಿಸಲು ಕೂತಿದ್ದ.

ಮರಿ ಕೊಟ್ಟವನು ಹುನಗುಂದದ ಚಾಂದಸಾಬ, ಅದೇ ಬಸ್ಸಿನ ಹಳೆಯ ಕಂಡಕ್ಟರ್. ಮರಿ ಎದ್ದ ಕೂಡಲೇ, ಹಾಲು ಕುಡಿದ ಕೂಡಲೇ, ನೀಲಪ್ಪ ಅದನ್ನು ಅಂಗಳದ ಬೇವಿನ ಗಿಡದ ಬುಡಕ್ಕೆ ಒಯ್ಯುತ್ತಿದ್ದ. ಕೆಲಸ ಮುಗಿಯುವವರೆಗೆ ಸುಮ್ಮನೆ ನಿಂತು, ಆಮೇಲೆ ಒಂದು ಚೂರು ರೊಟ್ಟಿ ಕೊಡುತ್ತಿದ್ದ. ಹನ್ನೆರಡು ದಿನಕ್ಕೆ ಮರಿ ತಾನಾಗಿಯೇ ಬಾಗಿಲು ಕೆರೆಯತೊಡಗಿತು.

ಆದರೂ ಒಂದು ಮಧ್ಯಾಹ್ನ ಅವನ ಪಟ್ಟಿ ಹೆಣೆದ ನವಾರದ ಮಂಚದ ಕೆಳಗೆ ಹಸಿ ಕಂಡಿತು. ಮರಿ ಮಲಗುತ್ತಿದ್ದುದೂ ಅಲ್ಲಿಯೇ. ಸೊಸೆ ಜಯಶ್ರೀ ಅದರ ಮೂತಿಯನ್ನು ಹಸಿಗೆ ಒತ್ತಿ, ಬೆನ್ನಿಗೆರಡು ಬಿಟ್ಟಳು.

“ಎಷ್ಟ್ ಸಲ ಹೇಳೂದ ನಿನಗ? ಹೊರಗ ಗಿಡಾ ಕಾಣಂಗಿಲ್ಲೇನ?”

ನೀಲಪ್ಪ ಒದ್ದೆ ಧೋತರವನ್ನು ಚಾದರದೊಳಗೆ ಮುದುಡಿಕೊಂಡು ಗೋಡೆಯ ಕಡೆ ಹೊರಳಿದ. ಮರಿ ಕುಂಯ್‌ಗುಟ್ಟಿತು. ಅವಳು ಅಡುಗೆಮನೆಗೆ ಹೋದ ಮೇಲೆ ಬಚ್ಚಲಿಗೆ ಹೋಗಿ ಧೋತರ ಹಿಂಡಿದ.

ಆ ವಾರ ಹೀಗೆ ನಾಲ್ಕು ಸಲವಾಯಿತು. ನಾಲ್ಕು ಸಲವೂ ಮರಿ ಪೆಟ್ಟು ತಿಂದಿತು, ಅವನು ಗೋಡೆಯ ಕಡೆ ಹೊರಳಿದ. ಕೊನೆಗೆ ಜಯಶ್ರೀ, ಮರಿಯನ್ನು ಮರಳಿ ಒಯ್ಯಲು ಚಾಂದಸಾಬನಿಗೆ ಫೋನ್ ಮಾಡಿದಳು.

ಚಾಂದಸಾಬ ನಗುತ್ತಲೇ ಬಂದ. “ಏನಲೇ ಡ್ರೈವರ್, ಇಳಕಲ್ ಮುಟ್ಟೂತನಕ ಬಿಗಿ ಹಿಡದ ಕುಂದರ್ತಿದ್ದಿ. ನಿನ್ನ ಶಿಷ್ಯಾಗ ಬಾಗಲತನಕ ತಡಿಯಾಕ ಆಗಂಗಿಲ್ಲೇನ?”

“ಸಣ್ಣದೈತಿ” ಎಂದ ನೀಲಪ್ಪ.

ಚಾಂದಸಾಬ ಮರಿಯನ್ನು ಎತ್ತಿಕೊಂಡು ಹೊಸ್ತಿಲು ದಾಟಿದ. ಅದು ಒದ್ದಾಡಿ ಕೆಳಕ್ಕೆ ಜಿಗಿದು, ನೇರವಾಗಿ ಬೇವಿನ ಬುಡಕ್ಕೆ ಓಡಿ ಕೂತಿತು. ಮುಗಿಸಿ ಬಂದು, ನೀಲಪ್ಪನ ಮುಂದೆ ಬಾಲ ಅಲ್ಲಾಡಿಸುತ್ತ ಅವನ ಕೈಯನ್ನೇ ನೋಡತೊಡಗಿತು.

“ಹೋಗೂ ಹೊತ್ತಿನ್ಯಾಗ ಬುದ್ಧಿ ಬಂತ ನೋಡ್ರಿ” ಎಂದಳು ಜಯಶ್ರೀ.

ನೀಲಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಚಾಂದಸಾಬ ಮರಿಯನ್ನು ಒಯ್ದ ಮೂರನೆಯ ದಿನ ಮಧ್ಯಾಹ್ನ ನೀಲಪ್ಪನಿಗೆ ಎಚ್ಚರವಾದಾಗ ಜಯಶ್ರೀ ಕಸಬರಿಗೆ ಹಿಡಿದು ಮಂಚದ ಬಳಿ ನಿಂತಿದ್ದಳು. ನವಾರದಿಂದ ಇನ್ನೂ ಹನಿ ತೊಟ್ಟಿಕ್ಕುತ್ತಿತ್ತು. ಅವಳು ಹನಿಯನ್ನು ನೋಡಿದಳು, ಅವನನ್ನು ನೋಡಿದಳು. ಒಳಗೆ ಹೋಗಿ, ಒಣಗಿದ ಧೋತರ ತಂದು ಅವನ ಪಕ್ಕದಲ್ಲಿಟ್ಟಳು. ಅವಳು ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

“ಮಾವಾರ,” ಗೋಡೆಗೆ ಆತು ಕೂತ ಅವಳ ದನಿ ಒಡೆದಿತ್ತು, “ಎಷ್ಟ್ ಹೊಡದ್ನಿರಿ ನಾ ಅದನ್ನ.”

ನೀಲಪ್ಪ ಚಾದರವನ್ನು ಮುಖದ ಮೇಲೆ ಎಳೆದುಕೊಂಡ.